ಬಣ್ಣದ ತಾತ ಕಲಸಿದ ಹಸಿರು

ಈಗ ಬರೆಯಲು ಹೊರಟಿರುವುದರಲ್ಲಿ ಎಷ್ಟು ನಿಜವಾಗಿ ನಡೆದದ್ದು, ಎಷ್ಟು ಆಮೇಲೆ ನಾನೇ ಕಟ್ಟಿಕೊಂಡದ್ದು ಎಂದು ಯಾರಾದರೂ ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಕೆಲವು ಮಾತುಗಳು ಕಿವಿಯಲ್ಲಿ ಹಾಗೇ ಉಳಿದಿವೆ. ಆದರೆ ಅವನ್ನು ಯಾರೆದುರು ಆಡಿದ್ದು, ಯಾವುದು ಮೊದಲು, ಯಾವುದು ನಂತರ ಎಂಬುದು ಒಂದೊಂದು ಸಲ ಒಂದೊಂದು ಥರ ಕಾಣುತ್ತದೆ. ರಸಾಯನಶಾಸ್ತ್ರ ಓದಿ, ಮೂವತ್ತು ವರ್ಷ ಅದನ್ನೇ ಪಾಠ ಮಾಡಿದವನು ನಾನು. ಪುರಾವೆ ಇಲ್ಲದ್ದನ್ನು ನಂಬಬೇಡಿ ಎಂದು ವಿದ್ಯಾರ್ಥಿಗಳಿಗೆ ಹೇಳುತ್ತಲೇ ಬಂದೆ. ನನ್ನ ನೆನಪಿಗೂ ಅದೇ ನಿಯಮ ಹಚ್ಚಿದರೆ ಈ ಬರಹದಲ್ಲಿ ಉಳಿಯುವುದು ಬಹಳ ಕಡಿಮೆ.

ನೆನಪು ಮರಳಿದ್ದು ಥಿನ್ನರ್ ವಾಸನೆಯಿಂದ. ಕಳೆದ ತಿಂಗಳು ಚಳ್ಳಕೆರೆಯ ನಮ್ಮ ಮನೆಯ ಅಂಗಳದಲ್ಲಿ ಹಳೆಯ ಅಂಬಾಸಿಡರ್ ಕಾರಿನ ಡಿಕ್ಕಿಯ ಮುಚ್ಚಳವನ್ನು ಬಿಚ್ಚಿ ಎರಡು ಸ್ಟೂಲುಗಳ ಮೇಲೆ ಮಲಗಿಸಿದ್ದೆ. ಬಣ್ಣ ಕೀಳುವ ಜೆಲ್ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟರೆ ಹಳೆಯ ಬಣ್ಣ ಕಾದ ಹಾಲಿನ ಕೆನೆಯಂತೆ ಸುಕ್ಕುಗಟ್ಟಿ ಮೇಲೇಳುತ್ತದೆ. ಅದನ್ನು ಕಬ್ಬಿಣದ ಪಟ್ಟಿಯಿಂದ ಕೆರೆದು, ಉಳಿದ ಅಂಟನ್ನು ಥಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸುತ್ತಿದ್ದಾಗ ಆ ವಾಸನೆ ಮೂಗಿಗೆ ಹೊಡೆಯಿತು. ಮೊದಲು ಸಿಹಿ ಅನ್ನಿಸಿ ಮರುಕ್ಷಣವೇ ತಲೆ ಹಿಡಿಯುವ ವಾಸನೆ. ನಿವೃತ್ತನಾದ ಮೇಲೆ ಸುಮ್ಮನೆ ಕೂರಲಾರದೆ ಕೈಗೆತ್ತಿಕೊಂಡ ಕೆಲಸವದು. ಆವತ್ತು ಅರ್ಧಕ್ಕೇ ಬಿಟ್ಟು ಒಳಗೆ ಹೋಗಿ ಕೂತೆ...

ಆಗ ನಾನು ಮೊಳಕಾಲ್ಮೂರಿನ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆ. ಹದಿನೈದು ವರ್ಷವಾಗಿರಬಹುದು, ಒಂದೆರಡು ಹೆಚ್ಚೇ ಆಗಿರಬಹುದು. ನಮ್ಮ ಬಾಡಿಗೆ ಮನೆ ಇದ್ದ ಬೀದಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಮಗ್ಗದ ಸದ್ದು. ಪಕ್ಕದ ಮನೆಯಿಂದ ಮಾತ್ರ ಸದ್ದಿನ ಬದಲು ಹೊಗೆ ಬರುತ್ತಿತ್ತು. ಆ ಮನೆಯ ಹಿರಿಯರನ್ನು ಬೀದಿಯವರೆಲ್ಲ ಬಣ್ಣದ ತಾತ ಎನ್ನುತ್ತಿದ್ದರು. ನಾನೂ ಹಾಗೇ ಕರೆದೆ. ನೇಯುವ ಮನೆಗಳಿಂದ ಬಂದ ರೇಷ್ಮೆ ನೂಲಿನ ಲಡಿಗಳಿಗೆ ಬಣ್ಣ ಹಾಕಿಕೊಡುವುದು ಅವರ ಕಸುಬು. ಹಿತ್ತಿಲಲ್ಲಿ ಜಾಲಿ ಸೌದೆಯ ಒಲೆ, ಅದರ ಮೇಲೆ ತಾಮ್ರದ ಹಂಡೆ. ಲಡಿಗಳನ್ನು ಕೋಲಿಗೆ ನೇತುಹಾಕಿ ಕುದಿಯುವ ಬಣ್ಣದಲ್ಲಿ ತಿರುವುತ್ತ ಗಂಟೆಗಟ್ಟಲೆ ನಿಂತಿರುತ್ತಿದ್ದರು. ಎತ್ತರದ, ಸ್ವಲ್ಪ ಬಾಗಿದ ಮೈ. ಮೊಣಕೈವರೆಗೆ ಯಾವುದಾದರೊಂದು ಬಣ್ಣ ಇದ್ದೇ ಇರುತ್ತಿತ್ತು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ. ನನ್ನನ್ನು ಮೇಷ್ಟ್ರೇ ಎನ್ನುತ್ತಿದ್ದರು.

ಅವರ ಮನೆಯಲ್ಲಿ ತಕ್ಕಡಿ ಇರಲಿಲ್ಲ. ಬಣ್ಣದ ಪುಡಿಯನ್ನು ಬೆರಳ ತುದಿಯಲ್ಲಿ ಹಿಡಿದು ಹಾಕುತ್ತಿದ್ದರು. ನನ್ನಂಥವನಿಗೆ ಇದು ಸರಿಬರುವುದಾದರೂ ಹೇಗೆ? ಅಳತೆ ಇಲ್ಲದೆ ಎರಡನೇ ಸಲ ಅದೇ ಬಣ್ಣ ಹೇಗೆ ಬರುತ್ತದೆ ಎಂದು ಒಮ್ಮೆ ಕೇಳಿಯೇ ಬಿಟ್ಟೆ. ಅವರು ಗೂಟಕ್ಕೆ ನೇತುಹಾಕಿದ್ದ ಬಿಳಿ ಪಂಚೆಯ ತುಂಡೊಂದನ್ನು ತೋರಿಸಿದರು. ಯಾವ ಬಣ್ಣವನ್ನೇ ಆಗಲಿ, ನೋಡುವ ಮೊದಲು ಆ ತುಂಡನ್ನು ನಾಲ್ಕು ಉಸಿರಿನಷ್ಟು ಹೊತ್ತು ದಿಟ್ಟಿಸುವುದು ಅವರ ಪದ್ಧತಿ.

“ಕಣ್ಣು ತೊಳ್ಕೊಳ್ಳೋದು ಮೇಷ್ಟ್ರೇ. ಹಿಂದ್ಲ ಬಣ್ಣ ಕಣ್ಣಾಗೇ ಕುಂತಿರ್ತೈತೆ. ತೊಳೀದೆ ಇನ್ನೊಂದು ನೋಡಿದ್ರೆ ಮೋಸ.”

ಆಮೇಲೆ ಹಂಡೆಯಿಂದ ನಾಲ್ಕು ಎಳೆ ಎತ್ತಿ, ಹಿಂಡಿ, ಬಾಗಿಲ ನೆರಳಿಗೆ ಬಂದು ನೋಡುತ್ತಿದ್ದರು. ಹಸಿ ನೂಲು ಯಾವಾಗಲೂ ಗಾಢವಾಗಿ ಕಾಣುತ್ತದೆ, ಆರಿದರೆ ತಿಳಿಯಾಗುತ್ತದೆ. ಆದ್ದರಿಂದ ಬೇಕಾದ್ದಕ್ಕಿಂತ ಒಂದು ಮೆಟ್ಟಿಲು ಗಾಢವಾಗಿದ್ದಾಗಲೇ ಇಳಿಸಬೇಕು. ಆ ಒಂದು ಮೆಟ್ಟಿಲು ಎಂದರೆ ಎಷ್ಟು ಎನ್ನುವುದಕ್ಕೆ ಪುಸ್ತಕವಿರಲಿಲ್ಲ, ಅವರ ಕಣ್ಣಿತ್ತು. “ನೀರಾಗಿರೋ ಬಣ್ಣ ಸುಳ್ಳು ಹೇಳ್ತೈತೆ. ಎಷ್ಟು ಸುಳ್ಳು ಹೇಳ್ತೈತೆ ಅಂತ ತಿಳ್ಕಂಡ್ರೆ ಆಯ್ತು, ಅಷ್ಟೇ ಕಸುಬು” ಎಂದು ನಕ್ಕಿದ್ದರು.

ಕಾರು ನಮ್ಮ ಅಪ್ಪನದು. ಚಳ್ಳಕೆರೆಯಲ್ಲಿ ಶೇಂಗಾ ಎಣ್ಣೆಯ ವ್ಯಾಪಾರದಲ್ಲಿದ್ದಾಗ ಕೊಂಡದ್ದು. ತಂದ ದಿನದಿಂದ ಇದೇ ಹಸಿರು ಬಣ್ಣ, ಕಂಪನಿಯಿಂದ ಬಂದದ್ದೇ ಹೀಗೆ ಎಂದು ಅಪ್ಪ ಎಲ್ಲರಿಗೂ ಹೇಳುತ್ತಿದ್ದರು. ಅವರು ತೀರಿಕೊಂಡ ಮೇಲೆ ನಾನು ಮೊಳಕಾಲ್ಮೂರಿಗೆ ತಂದಿಟ್ಟುಕೊಂಡೆ. ಬಿಸಿಲಲ್ಲಿ ನಿಂತು ನಿಂತು ಹಸಿರು ಮಾಸಿ, ಒಣಗಿದ ಬೇವಿನೆಲೆಯ ಥರ ಆಗಿತ್ತು. ಚಾಲಕನ ಕಡೆಯ ಬಾಗಿಲಿನ ಅಂಚಿಗೆ ಮಾತ್ರ ತುಕ್ಕು ಹಿಡಿದಿತ್ತು. ಗ್ಯಾರೇಜಿನವರು ಇಡೀ ಕಾರಿಗೇ ಬಣ್ಣ ಹೊಡೆಸಿ ಎಂದರು. ನಾನು ಯಾರ ಮಾತನ್ನೂ ಅಷ್ಟು ಸುಲಭಕ್ಕೆ ಒಪ್ಪುವವನಲ್ಲವಲ್ಲ. ಒಂದೇ ಬಾಗಿಲು, ನಾನೇ ಮಾಡುತ್ತೇನೆ ಎಂದುಕೊಂಡು ರಜೆಯಲ್ಲಿ ಅದನ್ನು ಕಳಚಿ ಅಂಗಳದಲ್ಲಿ ಮಲಗಿಸಿದೆ.

ಗೋಡೆಯಾಚೆಯಿಂದ ತಾತನ ತಲೆ ಕಾಣಿಸಿತು.

“ಏನ್ ಮೇಷ್ಟ್ರೇ, ಕಾರಿನ ಚರ್ಮ ಸುಲೀತಿದೀರಾ?”

“ತುಕ್ಕು ಹಿಡಿದಿದೆ ತಾತ. ಪೂರ್ತಿ ಕೆರೆದು ಹೊಸದಾಗಿ ಹೊಡೀಬೇಕು.”

“ಸರೀನೇ. ನಾವೂ ಮೊದ್ಲು ಅಂಟು ತೆಗೆಯೋದೇ. ರೇಷ್ಮೆ ಅಂಟು ಬಿಡದೆ ಬಣ್ಣ ಕುಡಿಯಾಕಿಲ್ಲ.”

ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತರು. ಹಸಿರಿನ ಕೆಳಗೆ ಕೆನೆ ಬಣ್ಣದ ಒಂದು ಪದರ ಹೊರಬಂತು. ಅಂದರೆ ಕಾರು ಒಂದು ಕಾಲಕ್ಕೆ ಕೆನೆ ಬಣ್ಣದ್ದಾಗಿತ್ತು. ಅಪ್ಪ ಸುಳ್ಳು ಹೇಳಿದರೋ ಮರೆತಿದ್ದರೋ ಎಂದು ನಾನು ಪಟ್ಟಿ ಹಿಡಿದು ಯೋಚಿಸುತ್ತಿದ್ದರೆ, ತಾತ ಆ ಪದರವನ್ನು ಉಗುರಿನಿಂದ ಮುಟ್ಟಿ “ಇದೂ ಚಂದ ಐತೆ” ಎಂದರು. ಅವರಿಗೆ ಅಷ್ಟೇ ಮುಖ್ಯ.

ಮುಂದಿನ ನಾಲ್ಕೈದು ದಿನ ತುಕ್ಕು ತಿಂದ ಗುಳಿಗಳಿಗೆ ಪುಟ್ಟಿ ಮೆತ್ತಿ, ನೀರು ಹಾಕಿ ಮರಳು ಕಾಗದದಿಂದ ಉಜ್ಜಿ, ಮೇಲೆ ಪ್ರೈಮರ್ ಹೊಡೆದೆ. ತೊಂದರೆಯಾದದ್ದು ಬಣ್ಣದ್ದೇ. ಅಂಗಡಿಯ ಹಸಿರನ್ನು ಕಾರಿನ ಪಕ್ಕ ಹಿಡಿದರೆ ಕಣ್ಣಿಗೆ ಹೊಡೆಯುತ್ತಿತ್ತು. ತಾತ ಡಬ್ಬಿಯೊಳಗೆ ಇಣುಕಿ, “ಡಬ್ಬಿ ಬಣ್ಣಕ್ಕೆ ವಯಸ್ಸಾಗಿಲ್ಲ ಮೇಷ್ಟ್ರೇ, ನಿಮ್ ಕಾರಿಗೆ ಆಗೈತೆ. ಇದಕ್ಕೆ ವಯಸ್ಸು ಸೇರಿಸ್ಬೇಕು” ಎಂದರು. ಅದನ್ನು ತಾನೇ ಮಾಡಿಕೊಡುತ್ತೇನೆ ಎಂದರು.

ಅವರಿಗೆ ಯಾಕೆ ಅಷ್ಟು ಉತ್ಸಾಹ ಎಂಬುದು ಆಮೇಲೆ ತಿಳಿಯಿತು. ಆ ಹೊತ್ತಿಗೆ ಅವರ ಕಸುಬು ಒಂದು ಸಣ್ಣ ಎಳೆಯ ಮೇಲೆ ನಿಂತಿತ್ತು. ಅವರಿಗೆ ಹೆಚ್ಚಿನ ನೂಲು ಬರುತ್ತಿದ್ದದ್ದು ಒಬ್ಬ ಮಗ್ಗದ ಸಾವ್ಕಾರನಿಂದ. ಎರಡು ಸಲ ಬೇರೆಬೇರೆಯಾಗಿ ಬಣ್ಣ ಹಾಕಿದ ಕೆಂಪು ನೂಲನ್ನು ಒಂದೇ ಸೀರೆಗೆ ನೇಯ್ದಾಗ ಒಡಲಿನ ನಡುವೆ ಅಡ್ಡಕ್ಕೊಂದು ಗೆರೆ ಕಂಡಿತಂತೆ. ತಾತನ ಕಣ್ಣು ಹೋಗಿದೆ ಎಂದು ಸಾವ್ಕಾರ ಅಂದ. ತಾತ ಹಾಗಲ್ಲ, ನೇಯುವವನು ಬೇರೆ ಕಡೆಯ ಲಡಿ ಸೇರಿಸಿದ್ದಾನೆ ಎಂದರು. ಯಾರದು ನಿಜವೋ ನನಗೆ ಗೊತ್ತಿಲ್ಲ, ಈಗ ಗೊತ್ತಾಗುವುದೂ ಇಲ್ಲ. ಅಂತೂ ಮುಂದಿನ ನೂಲು ಬರಲಿಲ್ಲ. ಆಂಧ್ರದ ಕಡೆ ಪುಡಿಯನ್ನು ತೂಗಿ, ಗಡಿಯಾರ ಇಟ್ಟುಕೊಂಡು ಬಣ್ಣ ಹಾಕುವವರಿದ್ದಾರೆ, ಅಲ್ಲಿಗೇ ಕಳಿಸುತ್ತೇನೆ ಎಂದು ಸಾವ್ಕಾರ ಹೇಳಿಕೊಂಡು ತಿರುಗುತ್ತಿದ್ದ. ಅವನು ಬಿಟ್ಟರೆ ಉಳಿದವರೂ ಬಿಡುತ್ತಾರೆ. ಅದು ತಾತನಿಗೆ ಚೆನ್ನಾಗಿ ಗೊತ್ತಿತ್ತು.

“ನಿಮ್ ಬಾಗ್ಲು ನಂಗ್ ಬಿಡ್ರಿ. ಸಾವ್ಕಾರನ್ನ ಕರ್ಸಿ ಕಾರಿನ ಮುಂದೆ ನಿಲ್ಲಿಸ್ತೀನಿ. ಯಾವ ಬಾಗ್ಲಿಗೆ ಹೊಸಾ ಬಣ್ಣ ಹೊಡ್ದಿದ್ದು ಹೇಳಪ್ಪಾ ಅಂತೀನಿ. ಅವ್ನು ಕಂಡ್ಹಿಡಿದ್ರೆ ನನ್ ಹಂಡೆ ಮಗುಚಿ ಹಾಕ್ತೀನಿ.”

ಒಳಗಿನಿಂದ ಅವರ ಹೆಂಡತಿ, “ಮನಕೆಂದುಕಯ್ಯಾ ಈ ಪಂದ್ಯಾಲು!” ಎಂದು ಕೂಗಿದರು. ನಮಗ್ಯಾಕೆ ಬೇಕು ಈ ಪಂಥ ಎಂದು. ತಾತ ಕಿವಿಗೆ ಹಾಕಿಕೊಳ್ಳಲಿಲ್ಲ.

ಬಣ್ಣ ಕಲಸಿದ್ದು ಒಂದು ಭಾನುವಾರ. ಹಸಿರಿಗೆ ಬಿಳಿ, ಆಮೇಲೆ ತುಸು ಹಳದಿ, ಪೊರಕೆ ಕಡ್ಡಿಯ ತುದಿಯಲ್ಲಿ ಅದ್ದಿದಷ್ಟು ಕಪ್ಪು. ಪ್ರತಿ ಸಲ ಕಲಸಿ, ಹೆಗಲ ಮೇಲಿನ ಬಿಳಿ ತುಂಡನ್ನು ದಿಟ್ಟಿಸಿ, ಆಮೇಲೆ ಹಿಂದಿನ ಬಾಗಿಲನ್ನು ನೋಡಿ, ಆಮೇಲೆ ಡಬ್ಬಿಯನ್ನು ನೋಡುತ್ತಿದ್ದರು. ಮಧ್ಯಾಹ್ನದ ಊಟಕ್ಕೂ ಏಳಲಿಲ್ಲ. ನನಗೆ ಬೇಸರ ಬಂದಿತ್ತು. ಕೊನೆಗೆ ಒಂದು ತಗಡಿನ ತುಂಡಿಗೆ ಹಚ್ಚಿ ಕಾರಿನ ಮೈಗೆ ಹಿಡಿದರು. ನನ್ನ ಕಣ್ಣಿಗೆ ಕಾರಿಗಿಂತ ತುಸು ಗಾಢವಾಗಿ ಕಂಡಿತು.

“ಒಂದು ಮೆಟ್ಟಿಲು ಮ್ಯಾಲೆ ಇಟ್ಟೀನಿ. ಆರಿದ್ ಮ್ಯಾಲೆ ಇಳೀತೈತೆ” ಎಂದರು.

ಈ ಮಾತನ್ನು ಅವರು ಹೇಳಿದ್ದು ನಾನು ಬಣ್ಣ ಹೊಡೆಯುವ ಮೊದಲೋ ನಂತರವೋ? ಇಷ್ಟು ವರ್ಷ ಇದು ನನ್ನನ್ನು ಕಾಡಿರಲಿಲ್ಲ, ಈಗ ಬಿಡದೆ ಕಾಡುತ್ತದೆ. ಮೊದಲೇ ಹೇಳಿದ್ದರೆ, ಅದನ್ನು ಕೇಳಿ ತಲೆಯಾಡಿಸಿದವನು ರಸಾಯನಶಾಸ್ತ್ರದ ಅಧ್ಯಾಪಕ. ಇನ್ನೂ ಒಂದು ಮಾತು ನೆನಪಿದೆ. “ಈ ತುಂಡು ಆರ್ಲಿ ಮೇಷ್ಟ್ರೇ, ನಾಳೆ ನೋಡಿ ಹೊಡೆಯಾನ” ಎಂದರು. ನಾನು, ಸ್ಪ್ರೇ ಮಾಡಲು ತಂದ ಕಂಪ್ರೆಸರನ್ನು ಪಂಕ್ಚರ್ ಅಂಗಡಿಗೆ ಸಂಜೆ ವಾಪಸ್ ಕೊಡಬೇಕು, ಗಾಳಿ ಬೇರೆ ಏಳುತ್ತಿದೆ ಎಂದು ಅವಸರ ಮಾಡಿದೆ. ಆದರೆ ಇದು ನನ್ನನ್ನು ನಾನೇ ಹಳಿದುಕೊಳ್ಳಲು ಈಚೆಗೆ ಸೇರಿಸಿಕೊಂಡದ್ದೂ ಇರಬಹುದು... ಒದ್ದೆ ಗೋಣಿಚೀಲಗಳನ್ನು ಸುತ್ತ ಕಟ್ಟಿ ಧೂಳು ತಡೆದದ್ದು, ಸ್ಪ್ರೇ ಗನ್ ಹಿಡಿದದ್ದು ನನ್ನ ಕೈಯೇ ಎಂಬುದಂತೂ ಖಚಿತ.

ಮಾರನೆಯ ಬೆಳಿಗ್ಗೆ ಬಾಗಿಲನ್ನು ಎತ್ತಿ ಕಾರಿಗೆ ಜೋಡಿಸಿದೆ. ಬೋಲ್ಟು ತಿರುಗಿಸುತ್ತಿದ್ದಾಗಲೇ ಗೊತ್ತಾಯಿತು. ಬಾಗಿಲು ಬೇರೆ, ಕಾರು ಬೇರೆ. ಬೀದಿಯ ತುದಿಯಿಂದ ನೋಡಿದರೂ ತಿಳಿಯುವಷ್ಟು. ಹೋಗಿ ತಾತನಿಗೆ ಹೇಳೋಣ, ಸಾವ್ಕಾರ ಬರುವುದು ಬೇಡ ಎನ್ನೋಣ ಎಂದುಕೊಳ್ಳುವಷ್ಟರಲ್ಲಿ ತಾತ ಹೇಳಿಕಳಿಸಿದ್ದ ಸಾವ್ಕಾರ ಇಬ್ಬರು ನೇಕಾರರನ್ನು ಹಿಂದಿಟ್ಟುಕೊಂಡು ಬಂದೇಬಿಟ್ಟ. ತಾತನೂ ಪಕ್ಕದ ಮನೆಯಿಂದ ಬಂದು ನಿಂತರು.

ಒಂದು ಕ್ಷಣ ನೋಡಿದ. ಆಮೇಲೆ ನಗು.

“ಏನ್ ತಾತಾ, ಕಾರಿಗೆ ಸೆರಗು ಹಾಕಿದೀಯಾ?”

ನೇಕಾರರೂ ನಕ್ಕರು. ಒಬ್ಬನು, “ಇನ್ನೊಂದ್ ಬಾಗ್ಲಿಗೆ ಅಂಚೂ ಹಾಕ್ಬಿಡು ತಾತಾ, ಮದ್ವೆಗೆ ಆಗ್ತೈತೆ” ಎಂದ. “ಸುಮ್ನಿರ್ಲೇ” ಎಂದ ಸಾವ್ಕಾರ, ಆದರೆ ಅವನೇ ಇನ್ನೂ ನಗುತ್ತಿದ್ದ.

ತಾತ ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಹೆಗಲ ಮೇಲಿನ ಬಿಳಿ ತುಂಡನ್ನು ತೆಗೆದು ಎರಡೂ ಕೈಯಲ್ಲಿ ಅಗಲಿಸಿ ಹಿಡಿದು ನೋಡಿದರು. ಆಮೇಲೆ ಬಾಗಿಲನ್ನು ನೋಡಿದರು. ಮತ್ತೆ ಬಿಳಿ ತುಂಡು. ಮತ್ತೆ ಬಾಗಿಲು. ಮೂರನೇ ಸಲ ತುಂಡನ್ನು ದಿಟ್ಟಿಸಿ, ಬಾಗಿಲ ಹತ್ತಿರಕ್ಕೇ ಹೋಗಿ ಬಗ್ಗಿ ನೋಡಿದರು.

“ಇನ್ನೂ ಆರಿಲ್ಲ” ಎಂದರು. “ಇಳೀಬೇಕು ಅದು.”

ಸಾವ್ಕಾರ ನನ್ನ ಕಡೆ ತಿರುಗಿದ. “ನೀವು ಓದಿದೋರು ಹೇಳ್ರಿ ಸಾರ್. ಇದು ಇನ್ನೂ ಇಳೀತೈತಾ?”

ನಾನು ಬಾಗಿಲನ್ನು ಬೆರಳಿನಿಂದ ಮುಟ್ಟಿ ನೋಡಿದೆ. “ಇಲ್ಲ, ಪೂರ್ತಿ ಒಣಗಿದೆ” ಎಂದೆ. ಅದು ನಿಜವೇ ಆಗಿತ್ತು. ಅಲ್ಲಿಗೆ ನಿಲ್ಲಿಸಬಹುದಿತ್ತು. ತಾತನ ಮುಖ ನೋಡಿ ಅವರ ಮರ್ಯಾದೆ ಉಳಿಸಬೇಕು ಎನ್ನಿಸಿತೋ ಏನೋ, ತರಗತಿಯ ದನಿಯಲ್ಲಿ ವಿವರಿಸಿದೆ: “ವಯಸ್ಸಾದ ಹಾಗೆ ಕಣ್ಣಿನ ಮಸೂರ ಹಳದಿಯಾಗುತ್ತೆ. ನೀಲಿ, ಹಸಿರಿನ ಛಾಯೆಗಳು ಸರಿಯಾಗಿ ಗೊತ್ತಾಗಲ್ಲ. ಅದು ಅವರ ತಪ್ಪಲ್ಲ, ಎಲ್ಲರಿಗೂ ಆಗೋದೇ.”

ಈ ಮಾತನ್ನು ಅಲ್ಲಿಯೇ, ಅವರೆಲ್ಲರ ಎದುರೇ ಹೇಳಿದೆನೋ ಅಥವಾ ಆಮೇಲೆ ಮನೆಯೊಳಗೆ ಹೆಂಡತಿಗೆ ಹೇಳಿದೆನೋ ಎಂದು ಎಷ್ಟೋ ಸಲ ಗೊಂದಲವಾಗಿದೆ. ಒಳಗೆ ಹೇಳಿದ್ದು ಎಂದು ನಂಬಲು ಆಸೆ. ಆದರೆ ನನ್ನ ಕಣ್ಣ ಮುಂದೆ ಬರುವುದು ಆ ಮಾತು ಕೇಳಿ ಬಿಳಿ ತುಂಡನ್ನು ನಿಧಾನವಾಗಿ ಮಡಿಸುತ್ತ ನಿಂತ ತಾತ. ಒಳಗೆ ಹೇಳಿದ್ದಾದರೆ ಅವರು ಯಾಕೆ ಮಡಿಸುತ್ತಾರೆ?

ಆ ವಿವರಣೆಯಲ್ಲಿ ದೋಷವಿತ್ತು. ಅವರ ಮಸೂರ ಹಳದಿಯಾಗಿತ್ತು ಎಂದೇ ಇಟ್ಟುಕೊಂಡರೂ, ಡಬ್ಬಿಯ ಬಣ್ಣವನ್ನು ನೋಡಿದ ಕಣ್ಣಿನಿಂದಲೇ ಅಲ್ಲವೇ ಕಾರಿನ ಮೈಯನ್ನೂ ನೋಡಿದ್ದು? ಎರಡನ್ನೂ ಒಂದೇ ಹಳದಿ ಗಾಜಿನಿಂದ ನೋಡಿದವರಿಗೆ ಹೊಂದಿಸಲು ಕಷ್ಟವಾಗಬೇಕಾಗಿಲ್ಲ. ಮೊದಲ ವರ್ಷದ ವಿದ್ಯಾರ್ಥಿ ಎದ್ದು ನಿಂತು ಕೇಳಬಹುದಾದ ಪ್ರಶ್ನೆ ಇದು. ಎಲ್ಲವನ್ನೂ ಅನುಮಾನಿಸುವ ನನಗೆ ನನ್ನ ಮಾತಿನ ಮೇಲೆ ಮಾತ್ರ ಅನುಮಾನ ಬರಲಿಲ್ಲ.

ತಾತ ಹಂಡೆಯನ್ನು ಮಗುಚಿ ಹಾಕಲಿಲ್ಲ. ಅದರ ಅಗತ್ಯವೇ ಬೀಳಲಿಲ್ಲ. ಸಾವ್ಕಾರನ ನೂಲು ಮತ್ತೆ ಬರಲೇ ಇಲ್ಲ. ತಿಂಗಳೊಪ್ಪತ್ತಿನಲ್ಲಿ ಉಳಿದ ಮನೆಗಳದ್ದೂ ನಿಂತಿತು. ಪಕ್ಕದ ಹಿತ್ತಿಲಿನಿಂದ ಬರುತ್ತಿದ್ದ ಹೊಗೆ ನಿಂತಿತು. ಅವರು ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿರುತ್ತಿದ್ದರು. ಮೊಣಕೈಯ ಬಣ್ಣ ದಿನದಿನಕ್ಕೆ ಮಾಸುತ್ತ ಹೋಗಿ, ಒಂದು ದಿನ ನೋಡಿದರೆ ಅವರ ಚರ್ಮದ ಬಣ್ಣ ಮೊದಲ ಸಲ ಕಾಣುತ್ತಿತ್ತು. ನಾನು ಮಾತ್ರ ಅದೇ ಕಾರನ್ನು ದಿನವೂ ಅವರ ಕಣ್ಣೆದುರೇ ಓಡಿಸಿಕೊಂಡು ಕಾಲೇಜಿಗೆ ಹೋಗುತ್ತಿದ್ದೆ. ಬಾಗಿಲಿಗೆ ಮತ್ತೆ ಬಣ್ಣ ಹೊಡೆಯಲು ಸೋಮಾರಿತನ. ಊರಿಗೆಲ್ಲ ಗೊತ್ತಿತ್ತು ಅದು ಯಾರು ಕಲಸಿದ ಬಣ್ಣ ಎಂದು. ಇದು ಕ್ರೌರ್ಯ ಎಂದು ಆಗ ನನಗೆ ಹೊಳೆಯಲಿಲ್ಲ ಎಂದರೆ ಯಾರು ನಂಬುತ್ತಾರೆ... ಆದರೆ ನಿಜವಾಗಿ ಹೊಳೆಯಲಿಲ್ಲ.

ಚಿತ್ರದುರ್ಗಕ್ಕೆ ಹೋಗಿ ಕಣ್ಣು ತೋರಿಸಿಕೊಳ್ಳಿ, ನಾನೇ ಕರೆದುಕೊಂಡು ಹೋಗುತ್ತೇನೆ ಎಂದೆ ಒಮ್ಮೆ. “ನೀವು ನೋಡೇ ಹೇಳಿದ್ರಲ್ಲ ಮೇಷ್ಟ್ರೇ, ಇನ್ನೇನ್ ತೋರ್ಸೋದು” ಎಂದರು. ವ್ಯಂಗ್ಯವಿರಲಿಲ್ಲ. ನನ್ನ ಮಾತನ್ನು ಅವರು ಪೂರ್ತಿ ನಂಬಿದ್ದರು. ಕೆಲವು ದಿನಗಳ ನಂತರ ಗೋಡೆಯಾಚೆಯಿಂದ ಅವರು ಹೆಂಡತಿಯನ್ನು ಕೇಳುವುದು ಕೇಳಿಸತೊಡಗಿತು. “ಇದಿ ಏ ರಂಗೇ?” ಇದು ಯಾವ ಬಣ್ಣವೇ? ಉಟ್ಟ ಸೀರೆ ತೋರಿಸಿ, ಸಂತೆಯಿಂದ ತಂದ ಬದನೆಕಾಯಿ ತೋರಿಸಿ ಕೇಳುತ್ತಿದ್ದರು. ಆಕೆ ಮೊದಮೊದಲು ಬೈಯುತ್ತಿದ್ದರು, ಆಮೇಲೆ ಸುಮ್ಮನೆ ಹೇಳುತ್ತಿದ್ದರು.

ನನಗೆ ಚಳ್ಳಕೆರೆಗೆ ವರ್ಗವಾಗುವ ಸ್ವಲ್ಪ ಮೊದಲು, ಒಂದು ಬೆಳಿಗ್ಗೆ, ತಾತ ನಮ್ಮ ಮನೆಗೆ ಬಂದರು. ಕೈಯಲ್ಲಿ ಎರಡು ಲಡಿ ರೇಷ್ಮೆ. ಹಳೆಯ ದಿನಗಳಲ್ಲಿ ಉಳಿದವಿರಬೇಕು. ಸೀರೆಗೆ ಗೆರೆ ಬಂದ ಆ ಕೆಂಪೇ ಇದ್ದರೂ ಇರಬಹುದು, ನಾನು ಕೇಳಲಿಲ್ಲ.

“ನಿಮ್ ಕಣ್ಣಲ್ಲಿ ನೋಡಿ ಹೇಳ್ರಿ. ಇವೆರಡೂ ಒಂದೇ ಬಣ್ಣಾನಾ?”

ನೆರಳಿಗೆ ಹಿಡಿದು ನೋಡಿದೆ, ಕಿಟಕಿಯ ಹತ್ತಿರ ಹಿಡಿದು ನೋಡಿದೆ. ನನಗೆ ಯಾವ ವ್ಯತ್ಯಾಸವೂ ಕಾಣಲಿಲ್ಲ. “ಒಂದೇ ತಾತ” ಎಂದೆ.

“ನಂಗೆ ಬ್ಯಾರೆ ಬ್ಯಾರೆ ಕಾಣ್ತೈತೆ” ಎಂದರು. “ಇದು ಒಂದ್ ಕೂದ್ಲೆಳೆ ಮ್ಯಾಲೈತೆ ಅನ್ಸುತ್ತೆ... ಹಂಗಾದ್ರೆ ನಂದೇ ತಪ್ಪು.”

ಲಡಿಗಳನ್ನು ಸುತ್ತಿ ಹೆಗಲಿಗೆ ಹಾಕಿಕೊಂಡು ಹೊರಟರು. ಬಾಗಿಲ ಬಳಿ ನಿಂತು, “ನೀವು ಹೇಳಿದ್ದು ಒಳ್ಳೇದಾಯ್ತು. ಇಲ್ದಿದ್ರೆ ಇನ್ನೂ ಎಷ್ಟು ಸೀರೆ ಕೆಡಿಸ್ತಿದ್ನೋ” ಎಂದರು.

ನನಗೆ ಕಾಣದ ಒಂದು ಕೂದಲೆಳೆಯನ್ನು ಅವರು ಕಂಡಿದ್ದರು ಎಂದು ಆಗ ನನಗೆ ಅನ್ನಿಸಲಿಲ್ಲ. ಪಾಪ, ಕಣ್ಣು ಪೂರ್ತಿ ಹೋಗಿದೆ ಎಂದುಕೊಂಡೆ.

ವರ್ಗವಾದ ಮೇಲೆ ಎರಡು ವರ್ಷಕ್ಕೋ ಮೂರಕ್ಕೋ ಅವರು ಹೋದರು ಎಂದು ಯಾರೋ ಹೇಳಿದರು. ಪರೀಕ್ಷೆಯ ಕೆಲಸವಿತ್ತು, ನಾನು ಹೋಗಲಿಲ್ಲ. ಅವರ ಹೆಂಡತಿ ರಾಯದುರ್ಗದ ಕಡೆ ಮಗಳ ಮನೆಗೆ ಹೋದವರು ಅಲ್ಲೇ ತೀರಿಕೊಂಡರಂತೆ. ಸುದ್ದಿ ಕೇಳಿ ಅಯ್ಯೋ ಎಂದೆ, ಊಟ ಮಾಡಿದೆ. ಇಷ್ಟು ವರ್ಷ ಹಾಗೇ ಕಳೆಯಿತು.

ಈ ಸಲ ಡಿಕ್ಕಿಯ ಮುಚ್ಚಳಕ್ಕೆ ಬಣ್ಣ ತರಲು ಅಂಗಡಿಗೆ ಹೋದಾಗ, ಅಲ್ಲಿನವರು ಕಾರಿನ ಮೈಯನ್ನು ಯಂತ್ರದಲ್ಲಿ ಅಳೆದು ಹಸಿರು ಕಲಸಿಕೊಟ್ಟರು. ನಾನು ಡಬ್ಬಿ ನೋಡಿ, ತಿಳಿಯಾಯಿತಲ್ಲ ಎಂದೆ. ಅಂಗಡಿಯವನು ತಲೆ ಕೂಡ ಎತ್ತದೆ ಹೇಳಿದ: “ಹಸೀದ್ರಲ್ಲಿ ನೋಡ್ಬ್ಯಾಡ್ರಿ ಸಾರ್. ಒಣಗಿದ್ ಮ್ಯಾಲೆ ಗಾಢ ಆಗ್ತೈತೆ. ಬಣ್ಣದೋರಿಗೆಲ್ಲ ಗೊತ್ತಿರೋದೇ.”

ನಾನು ಡಬ್ಬಿ ಹಿಡಿದು ರಸ್ತೆಯಲ್ಲಿ ನಿಂತೆ. ಲಾರಿಯೊಂದು ಹಾರ್ನ್ ಹೊಡೆದ ಮೇಲೆ ಪಕ್ಕಕ್ಕೆ ಸರಿದೆ.

ರೇಷ್ಮೆ ಒಣಗಿದರೆ ಇಳಿಯುತ್ತದೆ. ಇದು ಏರುತ್ತದೆ. ತಾತ ತಮ್ಮ ಜೀವಮಾನದ ಲೆಕ್ಕದಂತೆ ಒಂದು ಮೆಟ್ಟಿಲು ಮೇಲಿಟ್ಟರು. ಇಳಿಯಬೇಕಾದ್ದು ಇನ್ನೊಂದು ಮೆಟ್ಟಿಲು ಏರಿತು. ಕಣ್ಣು ತಪ್ಪಿರಲಿಲ್ಲ. ರೇಷ್ಮೆಯಲ್ಲಿ ಐವತ್ತು ವರ್ಷ ಮುಳುಗೆದ್ದ ಮನುಷ್ಯ ಕಾರಿನ ಬಣ್ಣದ ವಿಷಯದಲ್ಲಿ ಮಾಡಬಹುದಾಗಿದ್ದ ಒಂದೇ ಒಂದು ತಪ್ಪು ಅದು. ಅದನ್ನು ಅಲ್ಲೇ ಹಿಡಿಯಬೇಕಾಗಿದ್ದವನು ನಾನು.

ಮನೆಗೆ ಬಂದು, ಆವತ್ತು ನಾನು ಕಣ್ಣಿನ ಮಾತು ಹೇಳಿದ್ದು ಎಲ್ಲಿ ಎಂದು ಹೆಂಡತಿಯನ್ನು ಕೇಳಿದೆ. “ಅಷ್ಟು ಹಿಂದಿನ್ದು ಯಾರಿಗ್ ನೆನಪೈತ್ರಿ?” ಎಂದಳು. ನನ್ನ ಮುಖ ನೋಡಿ, “ಬಿಡ್ರಿ, ನೀವೇನು ಬೇಕಂತ ಹೇಳಿದ್ರಾ?” ಎಂದಳು. ಅಂದರೆ ಅವಳಿಗೆ ನೆನಪಿದೆ ಎಂದೇ? ಮತ್ತೆ ಕೇಳುವ ಧೈರ್ಯ ಬರಲಿಲ್ಲ.

ಹೋದ ವಾರ ಮೊಳಕಾಲ್ಮೂರಿಗೆ ಹೋದೆ. ತಾತನ ಮನೆಯಲ್ಲಿ ಈಗ ಬೇರೆಯವರಿದ್ದಾರೆ. ಹಿತ್ತಿಲಿಗೆ ಕಲ್ಲು ಹಾಸಿ, ಒಲೆಯಿದ್ದಲ್ಲಿ ಬೈಕು ನಿಲ್ಲಿಸಿದ್ದರು. ಸಾವ್ಕಾರ ಸಿಕ್ಕ. ತಲೆ ಪೂರ್ತಿ ನರೆತಿದೆ. ಕಾಫಿ ತರಿಸಿದ. ನಾನು ಬಣ್ಣದ ತಾತನ ಹೆಸರೆತ್ತಿದೆ.

“ತಾತಾನಾ? ಪಾಪ, ಕಣ್ ಹೋಗಿತ್ತಲ್ಲ ಸಾರ್. ಡಾಕ್ಟ್ರೇ ಹೇಳಿದ್ರಲ್ಲ, ಕಣ್ಣಾಗೆ ಹಳದಿ ತುಂಬೈತೆ ಅಂತ.”

“ಯಾವ ಡಾಕ್ಟರು?”

“ಅದ್ಯಾರೋ. ಊರಿಗೆಲ್ಲ ಗೊತ್ತಿರೋ ಮಾತು.”

ನಾನು ಎಲ್ಲವನ್ನೂ ಹೇಳಿದೆ. ಬಣ್ಣ ಒಣಗಿದರೆ ಗಾಢವಾಗುತ್ತದೆ, ತಾತನ ಕಣ್ಣು ಸರಿಯಾಗಿತ್ತು, ಡಾಕ್ಟರಲ್ಲ, ಹೇಳಿದ್ದು ನಾನೇ ಎಂದೆ. ಅವನು ಲೋಟ ಕೆಳಗಿಟ್ಟು ಕೇಳಿಸಿಕೊಂಡ.

“ಅಂಗಡಿಯೋನು ಹೇಳಿದ್ ಮಾತು ಹಿಡ್ಕಂಡು ಅಷ್ಟು ದೂರ ಬಂದ್ರಾ ಸಾರ್? ನೀವು ಮಾಡಿ ನೋಡಿದೀರಾ?”

ಇಲ್ಲ ಎಂದೆ.

“ಮತ್ತೆ! ಹೋಗ್ಲಿ ಬಿಡ್ರಿ. ಈಗ ಕಣ್ ಇತ್ತು ಅಂದ್ರೂ ಒಂದೇ, ಇರ್ಲಿಲ್ಲ ಅಂದ್ರೂ ಒಂದೇ. ನೋಡೋರೇ ಇಲ್ವಲ್ಲ.”

ಅವನ ಮಾತಿನಲ್ಲಿ ತಪ್ಪು ಹುಡುಕಲು ನನ್ನಿಂದ ಆಗಲಿಲ್ಲ. ಯಾರಿಗೆ ಹೇಳಬೇಕೋ ಅವರಿಲ್ಲ. ತಮ್ಮ ಕಣ್ಣೇ ತಮಗೆ ಮೋಸ ಮಾಡಿತೆಂದು ನಂಬಿಕೊಂಡೇ ಅವರು ಹೋದರು. ಆ ನಂಬಿಕೆಯನ್ನು ಕೊಟ್ಟವನು ನಾನು. ಆ ಹಳೆಯ ಬಾಗಿಲನ್ನೇ ಪುರಾವೆಯಾಗಿ ತೋರಿಸೋಣವೆಂದರೆ ಅದೂ ಇಷ್ಟು ವರ್ಷದ ಬಿಸಿಲಿಗೆ ಮಾಸಿ, ಆವತ್ತು ಹೇಗಿತ್ತು ಎಂದು ಹೇಳಲಾರದ ಸ್ಥಿತಿಯಲ್ಲಿದೆ. ಯಾವ ಮಾತು ಎಲ್ಲಿ ಆಡಿದೆ, ಅವರು ತಡೆದರೋ ಇಲ್ಲವೋ, ಆ ಎರಡು ಲಡಿಗಳು ನಿಜಕ್ಕೂ ಬೇರೆಬೇರೆಯಾಗಿದ್ದವೋ... ಯಾವುದನ್ನೂ ನಾನು ಇನ್ನು ಸಾಬೀತು ಮಾಡಲಾರೆ.

ಪರೀಕ್ಷಿಸಿ ನೋಡಲು ಸಾಧ್ಯವಿದ್ದದ್ದು ಒಂದೇ. ಚಳ್ಳಕೆರೆಗೆ ಮರಳಿದ ಮೇಲೆ ಒಂದು ತಗಡಿನ ಅರ್ಧಕ್ಕೆ ಡಬ್ಬಿಯ ಹಸಿರನ್ನು ಹಚ್ಚಿ ಒಂದು ದಿನ ಪೂರ್ತಿ ಒಣಗಲು ಬಿಟ್ಟೆ. ಮಾರನೆಯ ದಿನ ಅದೇ ಡಬ್ಬಿಯನ್ನು ಚೆನ್ನಾಗಿ ಕಲಕಿ, ಉಳಿದರ್ಧಕ್ಕೆ ಹಚ್ಚಿ, ಅದು ಹಸಿಯಾಗಿದ್ದಾಗಲೇ ನೆರಳಿನಲ್ಲಿ ಹಿಡಿದು ನೋಡಿದೆ. ಬೇರೆ ಎರಡು ತಗಡುಗಳ ಮೇಲೆ ಮತ್ತೆರಡು ಸಲ ಹಾಗೇ ಮಾಡಿದೆ. ಮೂರು ಸಲವೂ ಒಣಗಿದ ಭಾಗವೇ ಗಾಢವಾಗಿತ್ತು.